ಡೊಳ್ಳಿನ ಪೆಟ್ಟು ತಾಳುವ ಪೆಟ್ಟಿಗೆ

ಬೆಳಗಿನ ಐದೂವರೆ. ಬನಹಟ್ಟಿಯ ಈ ಓಣಿಯಲ್ಲಿ ವಿದ್ಯುತ್ ಮಗ್ಗಗಳು ಇನ್ನೂ ಸದ್ದು ಮಾಡಿಲ್ಲ. ತಗಡಿನ ಅಂಗಡಿಯೊಳಗೆ ಅನುರಾಧಾ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದಾರೆ. ಎದುರಿಗಿರುವ ಕಬ್ಬಿಣದ ಪೆಟ್ಟಿಗೆಗೆ ಎಂಟು ಮೈಕುಗಳ ತಂತಿ ಸಿಕ್ಕಿಸಿದೆ. ಎಂಟರ ದನಿಯನ್ನೂ ಬೇರೆಬೇರೆಯಾಗಿ ಹಿಡಿದು, ಬಲ ತುಂಬಿ, ಅಂಕಿಗಳಾಗಿಸಿ ಕಂಪ್ಯೂಟರಿಗೆ ಕಳಿಸುವುದು ಅದರ ಕೆಲಸ.

“ಮಗ್ಗ ಚಾಲೂ ಆಗೋದ್ರಾಗ ಇದರ ಗುಂಯ್ ಅನ್ನೋದು ಕೇಳಿಬಿಡಬೇಕ್ರಿ. ಆಮ್ಯಾಲ ಏನೂ ಕೇಳಂಗಿಲ್ಲ,” ಎನ್ನುತ್ತಾರೆ.

ಅನುರಾಧಾ ಅವರಿಗೆ ಈಗ ನಲವತ್ತೊಂದು. ಬೀಳಗಿ ಕಡೆಯ ಕುರಿಗಾರರ ಮನೆಯವರು. ತಂದೆ ಗಿರಮಲ್ಲಪ್ಪ ಬೀರೇಶ್ವರನ ಡೊಳ್ಳಿನ ಮೇಳದವರು. ಜಮಖಂಡಿಯಲ್ಲಿ ಐಟಿಐ ಮುಗಿಸಿದ ಮಗಳು ಹನ್ನೊಂದು ವರ್ಷ ಟಿ.ವಿ. ರಿಪೇರಿ ಮಾಡಿದರು. ಜನ ಹಳೆಯ ಟಿ.ವಿ. ತರುವುದನ್ನೇ ಬಿಟ್ಟಾಗ ಆಂಪ್ಲಿಫೈಯರ್, ಮಿಕ್ಸರುಗಳಿಗೆ ಕೈ ಹಾಕಿದರು. ಹೆಣ್ಣುಮಗಳ ಕೈಗೆ ಮಷಿನ್ ಕೊಡಲು ಹಿಂದೇಟು ಹಾಕುತ್ತಿದ್ದ ಮೇಳದವರೇ ಈಗ ಮುಧೋಳ, ಲೋಕಾಪುರದಿಂದ ಬಸ್ಸಿನಲ್ಲಿ ಹೊತ್ತು ತರುತ್ತಾರೆ. ದಿನಕ್ಕೆ ಐದಾರು ಮಷಿನ್ ಗುಣವಾಗಿ ಹೊರಡುತ್ತವೆ.

ಹೋದ ವರ್ಷ ಮಾರ್ಚಿನಲ್ಲಿ ಮೇಳದ ಹಾಡುಗಳನ್ನು ಧ್ವನಿಮುದ್ರಿಸಲೆಂದು ಇಂಥದೊಂದು ಹೊಸ ಪೆಟ್ಟಿಗೆ ತರಿಸಿದ್ದರು. ಹಾಡುವವರು ಅವರ ಸೋದರತ್ತೆ ಮಾಯವ್ವ, ಎಪ್ಪತ್ತೆಂಟರ ಅಜ್ಜಿ. ಬೀರೇಶ್ವರನ ಮೂರು ತಾಸಿನ ಕಥೆಯ ಹಾಡು ಪೂರ್ತಿ ಬರುವುದು ಈಗ ಅವರೊಬ್ಬರಿಗೇ. ಡೊಳ್ಳಿನ ಪ್ರತಿ ಪೆಟ್ಟಿಗೂ ಮುದ್ರಣದ ಧ್ವನಿ ಒಡೆಯಿತು. ಪೆಟ್ಟಿಗೆಯಲ್ಲಿ ದನಿಯ ಮಟ್ಟ ಎಷ್ಟು ಇಳಿಸಿದರೂ ಸಾಲಲಿಲ್ಲ. ಮಧ್ಯಾಹ್ನ ತಗಡು ಕಾದು, ಪಕ್ಕದ ಮಗ್ಗಗಳಿಂದ ವೋಲ್ಟೇಜ್ ಕುಸಿದಾಗ ಪೆಟ್ಟಿಗೆ ನಿಂತೇಹೋಯಿತು. ಅರ್ಧಕ್ಕೆ ತುಂಡಾದ ಫೈಲ್ ಕಂಪ್ಯೂಟರಿನಲ್ಲಿ ತೆರೆಯದೆ, ಎರಡು ತಾಸಿನ ಹಾಡು ಉಳಿಯಲಿಲ್ಲ.

“ಆತು ಬಿಡವ್ವಾ, ಮತ್ತ ಹಾಡ್ತೇನಿ,” ಎಂದರು ಮಾಯವ್ವ. ಹಾಡಲು ಹೋದರೆ ಗಂಟಲು ಕಟ್ಟಿತ್ತು. ಮುಂದೆ ಎರಡು ತಿಂಗಳು ಹಾಡಲಾಗಲಿಲ್ಲ.

ಅನುರಾಧಾ ಪೆಟ್ಟಿಗೆ ಬಿಚ್ಚಿದರು. ಕರೆಂಟಿನ ಭಾಗ ಧ್ವನಿಯನ್ನು ಅಂಕಿ ಮಾಡುವ ಚಿಪ್‌ನ ಅಡಿಗೇ ಇತ್ತು. ಅದರ ಕಾವೆಲ್ಲ ಚಿಪ್‌ಗೆ. ಚಿತ್ರ ಬರೆದು, ಏನು ಬದಲಿಸಬೇಕೆಂಬ ನಾಲ್ಕು ಪುಟದ ಪತ್ರವನ್ನು ಅದನ್ನು ತಯಾರಿಸಿದ ಪುಣೆಯ ಕಂಪನಿಗೆ ಕಳಿಸಿದರು. ಇದು ಡೊಳ್ಳಿಗೆಂದು ಮಾಡಿದ ಸಾಧನವಲ್ಲ ಎಂಬ ಎರಡು ಸಾಲಿನ ಉತ್ತರ ಬಂತು.

“ಸಿಟ್ಟು ಬಂತ್ರಿ. ಡೊಳ್ಳೂ ವಾದ್ಯನ ಅಲ್ಲೇನು?”

ಸಿಟ್ಟನ್ನು ಅವರು ಕೆಲಸಕ್ಕೆ ಹಚ್ಚಿದರು. ಕರೆಂಟಿನ ಭಾಗವನ್ನು ಹೊರತೆಗೆದು ಊಟದ ಡಬ್ಬಿಯೊಂದರಲ್ಲಿ ಬೇರೆಯಾಗಿ ಕೂರಿಸಿದರು. ವೋಲ್ಟೇಜ್ ಕುಸಿದರೂ ತಡೆದುಕೊಳ್ಳುವಂತೆ ಅದಕ್ಕೆ ದೊಡ್ಡ ಕೆಪಾಸಿಟರ್ ಹಾಕಿದರು. ಡೊಳ್ಳಿನ ಮೈಕುಗಳ ದನಿಯನ್ನು ಒಳಗೆ ಹೋಗುವ ಮೊದಲೇ ತಗ್ಗಿಸುವ ಸ್ವಿಚ್ ಜೋಡಿಸಿದರು. ತಂದೆಯಿಂದ ಒಂದೇ ಪೆಟ್ಟನ್ನು ಸ್ವಿಚ್ ಹಾಕಿಯೂ ಹಾಕದೆಯೂ ಹೊಡೆಸಿ ಮುದ್ರಿಸಿಕೊಂಡು, ಅರ್ಧ ತಾಸಿಗೊಮ್ಮೆ ಕಾವು ಅಳೆದು, ಎಲ್ಲವನ್ನೂ ಮತ್ತೆ ಪುಣೆಗೆ ಕಳಿಸಿದರು.

ಈ ಸಲ ಪತ್ರ ಬರಲಿಲ್ಲ, ಮನುಷ್ಯರೇ ಬಂದರು. ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥ ಅಮೋಲ, ಅನುರಾಧಾ ಹೇಳಿದಂತೆಯೇ ಮಾಡಿದ ಹೊಸ ಮಾದರಿ ಹಿಡಿದು ಈ ಏಪ್ರಿಲ್‌ನಲ್ಲಿ ಬನಹಟ್ಟಿಗೆ ಬಂದಿಳಿದರು. ಅನುರಾಧಾ ಬೇಕೆಂದೇ ಮಧ್ಯಾಹ್ನದ ಹೊತ್ತು ಆರಿಸಿದರು. ಹೊರಗೆ ನಲವತ್ತೊಂದು ಡಿಗ್ರಿ. ಸುತ್ತ ಮಗ್ಗಗಳು ಭರದಲ್ಲಿದ್ದವು. ಮಾಯವ್ವ ಬಿಸಿನೀರು ಕುಡಿದು, ಗಿರಮಲ್ಲಪ್ಪನವರ ಡೊಳ್ಳಿನೊಂದಿಗೆ ಹಾಡು ಎತ್ತಿಕೊಂಡರು. ಬಲ್ಬು ಮೂರು ಸಲ ಮಂಕಾಯಿತು. ಪೆಟ್ಟಿಗೆ ನಿಲ್ಲಲಿಲ್ಲ. ಮೂರು ತಾಸು ಹತ್ತು ನಿಮಿಷಕ್ಕೆ ಹಾಡು ಮುಗಿದಾಗ, ಹಿಂದೆ ಮಗ್ಗದ ಸದ್ದಿದ್ದರೂ, ಅದರ ಒಂದು ಅಕ್ಷರವೂ ಕಳೆದಿರಲಿಲ್ಲ.

ಮಿರಜ್ ಕಡೆಯವರಾದ ಅಮೋಲ ಅವರಿಗೆ ಕನ್ನಡ ಬರುತ್ತದೆ. “ನಾವು ಎಸಿ ರೂಮಿನ್ಯಾಗ ಟೆಸ್ಟ್ ಮಾಡಿದ್ವಿ ಮೇಡಂ. ತಪ್ಪು ನಮ್ಮದ,” ಎಂದು ಕೈಮುಗಿದರು.

ಮಾಯವ್ವ ಹೆಡ್‌ಫೋನಿನಲ್ಲಿ ತಮ್ಮ ಹಾಡನ್ನೇ ಕೇಳಿದರು. “ಡೊಳ್ಳು ನನ್ನ ದನಿ ಮ್ಯಾಲ ಏರಿಲ್ಲ ನೋಡ,” ಎಂದು ಸೋದರಸೊಸೆಯ ಗಲ್ಲ ಸವರಿದರು.

ಹೊಸ ಮಾದರಿ ಈಗ ಮಾರಾಟದಲ್ಲಿದೆ. ಜೊತೆಗೆ ಬರುವ ಪುಸ್ತಕದ ಮೊದಲ ಪುಟದಲ್ಲೇ ಅನುರಾಧಾ ಅವರ ಹೆಸರೂ ಬನಹಟ್ಟಿಯ ಹೆಸರೂ ಅಚ್ಚಾಗಿವೆ. ಅವರು ಅದನ್ನು ತೋರಿಸುವುದು ಕೇಳಿದವರಿಗೆ ಮಾತ್ರ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಮೇಜಿನ ಮೇಲಿನ ಹಾಳೆ ತೋರಿಸುತ್ತಾರೆ. “ಮುಟ್ಟಿದ್ರ ಸಾಕು, ಎಷ್ಟು ತಿರುವೇವಿ ಅಂತ ಗೊತ್ತಾಗೋ ಹಂಗ ದನಿ ಏರ್ಸೋ ಗುಂಡಿ ಮ್ಯಾಲ ಒಂದು ಗೆರಿ ಕೊರದಿರಬೇಕ್ರಿ. ಅದನ್ನ ಪುಣೇಕ ಬರ್ಯಾಕತ್ತೇನಿ.”

ಪೆನ್ನಿನ ಮುಚ್ಚಳ ತೆಗೆಯುತ್ತ ನಗುತ್ತಾರೆ. “ಈಗ ನಾ ಬರದ್ರ ಓದ್ತಾರ್ರಿ.”