ಇಳಿಸದ ಚಿಮಿಣಿ ದೀಪ

ಫರಂಗಿಪೇಟೆಯಿಂದ ಬಂಟ್ವಾಳದವರೆಗೆ ಬಾವಿಯ ಕೆಸರು ತೆಗೆಸುವವರಿಗೆಲ್ಲ ಉಮ್ಮರ್ ಗೊತ್ತು. ಗೊತ್ತು ಎಂದರೆ, ಅವನ ಕೆಲಸಕ್ಕಿಂತ ಮೊದಲು ಅವನ ಬಾಯಿ ಗೊತ್ತು. ಬಾವಿಕಟ್ಟೆಯ ಮೇಲೆ ಮಗು ಕೂತದ್ದು ಕಂಡರೆ ಮಗುವಿನ ಅಪ್ಪನಿಗೆ ಬೈಗುಳ. ಸವೆದ ಹಗ್ಗ ಕೊಟ್ಟರೆ ಅಲ್ಲೇ ಕತ್ತಿಯಿಂದ ಎರಡು ತುಂಡು ಮಾಡಿ, "ಇದರಲ್ಲಿ ನಿಮ್ಮ ಆಡು ಕಟ್ಟಿ, ನನ್ನನ್ನು ಕಟ್ಟಬೇಡಿ" ಎಂದು ಎಸೆಯುವ ಜನ. ಒಮ್ಮೆ ಬೆಳ್ತಂಗಡಿ ಕಡೆ ಒಬ್ಬ ಕಂಟ್ರಾಕ್ಟರು ಡೀಸೆಲ್ ಪಂಪನ್ನು ಬಾವಿಯ ಒಳಗಿನ ಮೆಟ್ಟಿಲಲ್ಲೇ ಇಟ್ಟು ಚಾಲೂ ಮಾಡಿ, ಹೊಗೆ ತುಂಬಿದ ಬಾವಿಗೆ ಇಳಿ ಎಂದಿದ್ದ. ಉಮ್ಮರ್ ಅವನ ಅಂಗಿಯ ಕಾಲರು ಹಿಡಿದು ಬಾವಿಕಟ್ಟೆಯವರೆಗೆ ಎಳೆದು, "ನೀನು ಮೊದಲು ಇಳಿ, ನಿನ್ನ ಹಿಂದೆ ನಾನು" ಎಂದ. ಆ ವರ್ಷ ಬೆಳ್ತಂಗಡಿ ಕಡೆಯಿಂದ ಒಂದು ಕೆಲಸವೂ ಬರಲಿಲ್ಲ.

"ಎಲುಬಿಲ್ಲದ ನಾಲಿಗೆ ನಿಮ್ಮದು" ಎಂದು ಹೆಂಡತಿ ಝೈನಬ್ ಹೇಳುತ್ತಿದ್ದಳು. "ಜೀವ ಉಳಿಸ್ತೇನೆ ಅಂತ ಹೇಳಿ ಊರವರ ಜೀವ ತಿಂತೀರಿ."

ಅವಳ ಮಾತು ಸುಳ್ಳಲ್ಲ. ಆದರೆ ಮೂವತ್ತು ವರ್ಷದಲ್ಲಿ ಉಮ್ಮರ್ ನಿಂತ ಬಾವಿಯಲ್ಲಿ ಒಬ್ಬನ ಕಾಲೂ ಉಳುಕಿರಲಿಲ್ಲ. ಅವನಿಗೆ ಎರಡು ಕಟ್ಟಳೆ ಇದ್ದವು. ಎರಡೂ ಅವನ ಅಪ್ಪ ಹೇಳಿಕೊಟ್ಟದ್ದು, ಅಪ್ಪನೂ ಬಾವಿಯವನೇ. ಮೊದಲನೆಯದು, ಇಳಿಯುವ ಮೊದಲು ಚಿಮಿಣಿ ದೀಪವನ್ನು ಬಕೆಟಿನಲ್ಲಿಟ್ಟು ತಳದವರೆಗೆ ಇಳಿಸಬೇಕು. ದೀಪ ಉಸಿರಾಡಿದರೆ ನಾವೂ ಉಸಿರಾಡಬಹುದು. ನಂದಿದರೆ ಆ ಬಾವಿಯಲ್ಲಿ ಗಾಳಿ ಇಲ್ಲ, ಇಳಿಯಬಾರದು. ಎರಡನೆಯದು, ಒಬ್ಬ ಒಳಗೆ ಬಿದ್ದರೆ ಅವನನ್ನು ತರಲು ಇನ್ನೊಬ್ಬ ಇಳಿಯಬಾರದು. ಅಪ್ಪ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದ. "ಇಳಿದರೆ ಎರಡು ಹೆಣ. ಯಾರೇ ಆಗಲಿ. ನಾನೇ ಬಿದ್ದರೂ ನೀನು ಇಳಿಯಬೇಡ."

ಉಮ್ಮರನ ಜೊತೆ ಇಳಿಯುತ್ತಿದ್ದವನು ಇಸುಬು, ಝೈನಬಳ ತಮ್ಮ. ನಲವತ್ತು ದಾಟಿರಲಿಲ್ಲ. ಅಕ್ಕನ ಕೈಯಲ್ಲಿ ಬೆಳೆದವನು. ಸಣಕಲು ಮೈ, ಉದ್ದ ಕೈ, ಬಾಯಿ ತುಂಬ ತಮಾಷೆ. ಬಾವಿಯ ತಳದಿಂದಲೂ ಹಾಡುತ್ತಿದ್ದ. ಭಾವ ಬೈದು ಕೆಡಿಸಿದ ಕಡೆಯೆಲ್ಲ ಇವನು ನಗಿಸಿ ಸರಿಮಾಡುತ್ತಿದ್ದ.

ಕಳೆದ ವರ್ಷದ ಏಪ್ರಿಲ್. ಬಂಟ್ವಾಳದ ಹತ್ತಿರ ಲೋಕನಾಥ ಶೆಟ್ಟರ ಮನೆಯಲ್ಲಿ ಬೋರ್‌ವೆಲ್ ಬತ್ತಿತು. ಮಗ ಶ್ರವಣ್ ಮದುವೆಗೆಂದು ದುಬಾಯಿಯಿಂದ ಬಂದಿದ್ದ. ಮದುವೆಗೆ ಇನ್ನು ಆರೇ ದಿನ. ಮನೆ ತುಂಬ ನೆಂಟರು, ನೀರಿಲ್ಲ. ಹಿತ್ತಲಲ್ಲಿ ಹಳೆಯ ಬಾವಿ ಇತ್ತು, ಹನ್ನೆರಡು ಕೋಲು ಆಳ, ಎಂದರೆ ಮೂವತ್ತು ಅಡಿ. ಬೋರ್‌ವೆಲ್ ಬಂದ ಮೇಲೆ ನಾಲ್ಕು ವರ್ಷ ಅದರ ಬಾಯಿಗೆ ತಗಡು ಹೊದಿಸಿ ಕಲ್ಲು ಹೇರಿದ್ದರು. ತಗಡಿನ ಸಂದಿಯಿಂದ ಬಿದ್ದ ತರಗೆಲೆ ಒಳಗೇ ಕೊಳೆತಿತ್ತು. ಅದನ್ನು ತೆಗೆಯಬೇಕು.

ಹೊರಡುವಾಗ ಝೈನಬ್ ಬಾಗಿಲಿಗೆ ಬಂದು ನಿಂತಳು. "ಮದುವೆ ಮನೆ. ಒಳ್ಳೆಯ ಜನ. ಇವತ್ತೊಂದು ದಿನ ಬಾಯಿ ಮುಚ್ಚಿ ಕೆಲಸ ಮಾಡಿ ಬನ್ನಿ."

"ನಾನು ಮುಚ್ಚಿಸ್ತೇನೆ ಅಕ್ಕ" ಎಂದ ಇಸುಬು. "ಕೆಸರು ಉಂಟಲ್ಲ, ಅದನ್ನೇ ತುಂಬಿಸುವ."

ತಗಡು ಸರಿಸಿದಾಗ ಒಳಗಿನಿಂದ ಹಳಸಲು ವಾಸನೆ ಬಂತು. ಉಮ್ಮರ್ ಚೀಲದಿಂದ ಚಿಮಿಣಿ ತೆಗೆದು ಬೆಂಕಿಕಡ್ಡಿ ಗೀರಿದ. ಅಷ್ಟರಲ್ಲಿ ಶೆಟ್ಟರ ಹೆಂಡತಿ ವಿನೋದಕ್ಕ ಅಡಿಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು.

"ಅದು ಎಂತಕ್ಕೆ ಉಮ್ಮರಾಕ?"

"ಗಾಳಿ ನೋಡಲಿಕ್ಕೆ ವಿನೋದಕ್ಕ. ನಂದಿದರೆ ಇಳಿಯಲಿಕ್ಕಿಲ್ಲ."

ವಿನೋದಕ್ಕನ ಮುಖ ಸಣ್ಣದಾಯಿತು. ಅವರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಉಮ್ಮರನೂ ಜೋರು ಮಾಡುತ್ತಿದ್ದ, ಇಸುಬು ಇವತ್ತಿಗೂ ಇರುತ್ತಿದ್ದ. ಅವರು ಹತ್ತಿರ ಬಂದು, ಒಳಗಿನ ನೆಂಟರಿಗೆ ಕೇಳದ ಹಾಗೆ ಹೇಳಿದರು: "ಮದುವೆಗೆ ನೀರು ಎತ್ತುವ ಬಾವಿ ಉಮ್ಮರಾಕ. ಅದರಲ್ಲಿ ದೀಪ ನಂದುವುದು ಬೇಡ. ನನಗೆ ಈ ಆರು ದಿನ ನಿದ್ದೆ ಬರಲಿಕ್ಕಿಲ್ಲ. ಬೇರೆ ಎಂತಾದರೂ ಮಾಡಿ."

ಉಮ್ಮರನ ನಾಲಿಗೆ ಎದ್ದಿತು, ಮತ್ತೆ ಮಲಗಿತು. ಕಂಟ್ರಾಕ್ಟರಿಗೆ ಬೈಯಬಹುದು, ಇಂಜಿನಿಯರಿಗೆ ಬೈಯಬಹುದು. ಇದು ಇನ್ನೊಬ್ಬರ ನಂಬಿಕೆ, ಅದೂ ಮಗನ ಮದುವೆಯ ಶುಭದ ಮಾತು. ತಾನು ಬ್ಯಾರಿ, ಮುಸಲ್ಮಾನ. ತನ್ನ ಮಗಳ ನಿಕಾಹ್‌ಗೆ ಇದೇ ವಿನೋದಕ್ಕ ಮಲ್ಲಿಗೆಯ ಚೆಂಡು ಹಿಡಿದು ಬಂದು, ಹೆಂಗಸರ ಜೊತೆ ಕೂತು ಉಂಡು ಹೋಗಿದ್ದರು. ಅವರ ದೀಪಕ್ಕೆ ತಾನು ಹೇಗೆ ಎದುರು ಹೇಳುವುದು? ಅವನು ಬಾಯಿಂದ ಊದಿ ಚಿಮಿಣಿ ಆರಿಸಿದ. ಬಾವಿಯ ಹೊರಗೆ ಆರಿಸಿದರೆ ದೋಷವಿಲ್ಲವಲ್ಲ ಎಂದು ವಿನೋದಕ್ಕ ಸಮಾಧಾನದಿಂದ ಒಳಗೆ ಹೋದರು.

"ಅಬ್ಬ, ಭಾವನ ಬಾಯಿ ಮುಚ್ಚಿಸುವವರು ಸಿಕ್ಕಿದರು" ಎಂದ ಇಸುಬು.

ಮದುಮಗ ಶ್ರವಣ್ ತನ್ನ ಮೊಬೈಲಿನ ಟಾರ್ಚ್ ಹಾಕಿ ಒಳಗೆ ಬಗ್ಗಿ ನೋಡಿದ. "ನಮ್ಮ ಸೈಟಲ್ಲಿ ಹೀಗೆ ಇಳಿಯಲು ಬಿಡುವುದೇ ಇಲ್ಲ ಉಮ್ಮರಾಕ. ಪೇಪರ್ ಬೇಕು, ಗಾಳಿ ನೋಡುವ ಮಿಷನ್ ಬೇಕು."

"ಇಲ್ಲಿ ಇಸುಬು ಸಾಕು" ಎಂದು ಇಸುಬು ಆ ಮೊಬೈಲನ್ನೇ ಇಸಿದುಕೊಂಡು, ಬಕೆಟಿನಲ್ಲಿಟ್ಟು ತಳಕ್ಕೆ ಇಳಿಸಿದ. ತಳದಲ್ಲಿ ಬೆಳ್ಳನೆ ಬೆಳಕು ಬಿತ್ತು. ಒಂದು ಮೊಳ ಕಪ್ಪು ನೀರು, ಅದರ ಮೇಲೆ ಎಲೆ. "ನೋಡಿ ಭಾವ, ನಿಮ್ಮ ಚಿಮಿಣಿಗಿಂತ ಚಂದ ಕಾಣ್ತದೆ. ಇದು ನಂದುವುದೂ ಇಲ್ಲ."

ನಂದುವುದಿಲ್ಲ. ಅದೇ ಆಗಿದ್ದು. ಟಾರ್ಚಿಗೆ ಉಸಿರಾಡಬೇಕಾಗಿಲ್ಲ. ಇದು ಉಮ್ಮರನಿಗೆ ಗೊತ್ತಿರಲಿಲ್ಲವೇ? ಅವನಿಗಿಂತ ಚೆನ್ನಾಗಿ ಗೊತ್ತಿದ್ದವನು ಆ ತಾಲೂಕಿನಲ್ಲಿ ಇರಲಿಲ್ಲ. ಆದರೂ ಬಕೆಟು ಮೇಲೆತ್ತಿ, ಅದರ ಹಗ್ಗವನ್ನೇ ಇಸುಬುವಿನ ಸೊಂಟಕ್ಕೆ ಕಟ್ಟಿದ.

ಬಕೆಟನ್ನು ಮೊಣಕೈಗೆ ಸಿಕ್ಕಿಸಿ, ಗೋಡೆಯ ಗೂಡುಗಳಲ್ಲಿ ಕಾಲಿಡುತ್ತ ಇಸುಬು ಹಾಡುತ್ತ ಇಳಿದ. ತಳ ಮುಟ್ಟಿ, ಎಂದಿನ ಹಾಗೆ ಸೊಂಟದ ಹಗ್ಗ ಬಿಚ್ಚಿ ಬಕೆಟಿಗೆ ಕಟ್ಟಿದ. ಕೆಸರು ಎತ್ತಲು ಅದೇ ಹಗ್ಗ; ಅವರ ಕೆಲಸದ ರೀತಿಯೇ ಹಾಗೆ. ಮೊದಲ ಬಕೆಟಿಗೆ ಬಗ್ಗಿ ಎರಡು ಸಲ ಕೆಸರು ತುಂಬಿದ. ಹಾಡು ನಿಂತಿತು. "ಭಾವ, ತಲೆ" ಎಂದ. ಗೋಡೆಗೆ ಒರಗಿ ಕೂತ. ಹಾಗೇ ಪಕ್ಕಕ್ಕೆ ವಾಲಿದ.

"ಇಸುಬು, ಹಗ್ಗ ಹಿಡಿ. ಹಗ್ಗ ಹಿಡಿಯೋ" ಎಂದು ಉಮ್ಮರ್ ಕೂಗಿದ. ಇಸುಬುವಿನ ಕೈ ಅಲ್ಲಾಡಿತು. ಹಗ್ಗ ಕೈಯಿಂದ ಗೇಣು ದೂರದಲ್ಲಿತ್ತು.

ಶೆಟ್ಟರು ಅಗ್ನಿಶಾಮಕದವರಿಗೆ ಫೋನು ಮಾಡಲು ಓಡಿದರು. ಶ್ರವಣ್ ಅಂಗಿ ಕಳಚಿ ಬಾವಿಕಟ್ಟೆ ಹತ್ತಿಯೇ ಬಿಟ್ಟಿದ್ದ. ಉಮ್ಮರ್ ಅವನ ಸೊಂಟ ತಬ್ಬಿ ನೆಲಕ್ಕೆ ಕೆಡವಿದ.

"ಬಿಡಿ ಉಮ್ಮರಾಕ. ಕೈ ಅಲ್ಲಾಡ್ತಾ ಉಂಟು, ಜೀವ ಉಂಟು. ಎರಡು ನಿಮಿಷ, ತಂದೇ ಬಿಡ್ತೇನೆ."

"ಇಳಿದರೆ ನೀನೂ ಅಲ್ಲೇ."

"ನಿಮ್ಮ ಹೆಂಡತಿಯ ತಮ್ಮ ಮಾರಾಯ್ರೆ ಅದು. ನಿಮಗೆ ಮನುಷ್ಯತ್ವ ಇಲ್ವಾ?"

ಉಮ್ಮರ್ ಮದುಮಗನ ಕೆನ್ನೆಗೆ ಬಾರಿಸಿದ. ಐದೂ ಬೆರಳು ಮೂಡಿದವು. "ಸೊಪ್ಪು ಕಡಿ. ದೊಡ್ಡ ಗೆಲ್ಲು ಕಡಿದು ತಾ" ಎಂದ. ಶ್ರವಣ್ ಅಳುತ್ತ ಕಡಿದು ತಂದ ಗೆಲ್ಲುಗಳನ್ನು ಹಗ್ಗಕ್ಕೆ ಕಟ್ಟಿ, ಗಾಳಿ ಕಲಕಲೆಂದು ಮೇಲೆ ಕೆಳಗೆ ಆಡಿಸಿದರು. ನೆಂಟರಿಗೆಂದು ಟ್ಯಾಂಕರಿನಲ್ಲಿ ತರಿಸಿದ್ದ ನೀರನ್ನು ಕೊಡಗಟ್ಟಲೆ ಸುರಿದರು. ನಡುವೆ ಉಮ್ಮರ್ ಪಾತಾಳಗರಡಿ ಇಳಿಸಿದ, ಬಿದ್ದ ಬಕೆಟು ಎತ್ತುವ ಕೊಕ್ಕೆಗಳ ಗೊಂಚಲು. ಒಂದು ಕೊಕ್ಕೆ ಇಸುಬುವಿನ ಬನಿಯನಿಗೆ ಸಿಕ್ಕಿತು. ಮೆಲ್ಲಗೆ ಎಳೆದ. ಇಸುಬುವಿನ ಎದೆ ನೀರಿನಿಂದ ಎದ್ದಿತು, ತಲೆ ಹಿಂದಕ್ಕೆ ಬಾಗಿ ಮುಖ ಮೇಲಕ್ಕಾಯಿತು. ಒಂದು ಕೋಲು ಎತ್ತರಕ್ಕೆ ಬಂದಿರಬಹುದು. ಆಮೇಲೆ ಬನಿಯನು ಹರಿಯಿತು.

ಉಮ್ಮರ್ ಒಂದು ಕಾಲು ಬಾವಿಯ ಒಳಗೆ ಹಾಕಿದ. ಗೂಡಿನಲ್ಲಿ ಹೆಬ್ಬೆರಳು ಊರಿತು. ಅಪ್ಪನ ತಗ್ಗಿದ ದನಿ ಕೇಳಿತೋ, ಸ್ವಂತ ಜೀವದ ಹೆದರಿಕೆಯೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕಾಲು ಹಿಂದಕ್ಕೆ ತೆಗೆದ. ಅಗ್ನಿಶಾಮಕದವರು ಬೆನ್ನಿಗೆ ಸಿಲಿಂಡರು ಕಟ್ಟಿ ಇಳಿದು ತಂದಾಗ ಇಸುಬುವಿನ ಮೈ ತಣ್ಣಗಾಗಿತ್ತು.

ಪೊಲೀಸರು ಕೇಳಿದರು, ಗಾಳಿ ಯಾಕೆ ನೋಡಲಿಲ್ಲ ಎಂದು. ವಿನೋದಕ್ಕ ಕಂಬಕ್ಕೆ ಒರಗಿ ನಿಂತಿದ್ದರು. ಉಮ್ಮರ್ ಅತ್ತ ನೋಡದೆ, "ಮರೆತೆ" ಎಂದ. ನಿಜ ಹೇಳಿದರೆ ಆಗುವುದೇನು? ಈಗಿನ ಕಾಲದಲ್ಲಿ ಇಂಥ ಒಂದು ಮಾತು ಬಾಯಿಂದ ಬಿದ್ದರೆ ಯಾವ ಊರಿನಲ್ಲಿ ಹೊತ್ತಿಕೊಳ್ಳುತ್ತದೆ ಎಂದು ಹೇಳುವವರಿಲ್ಲ. ಅಲ್ಲದೆ ಅವರು ಗೊತ್ತಿಲ್ಲದೆ ಕೇಳಿಕೊಂಡರು. ಗೊತ್ತಿದ್ದೂ ಒಪ್ಪಿದವನು ತಾನು.

ದಫನ್ ಮುಗಿಯುವ ಮೊದಲೇ ಮಾತು ಹಬ್ಬಿತ್ತು. ಭಾವ ಮೇಲೆ ನಿಂತು ನೋಡಿದನಂತೆ. ಇಳಿಯಲು ಬಂದ ಹುಡುಗನನ್ನೂ ಹೊಡೆದು ತಡೆದನಂತೆ. ದೊಡ್ಡ ಬಾಯಿಯವನು, ದೀಪ ಇಳಿಸಲು ಮರೆತನಂತೆ. ಮೊದಲಿನ ಎರಡು ಸುಳ್ಳಲ್ಲ, ಮೂರನೆಯದು ತಾನೇ ಹೇಳಿದ್ದು; ಹಾಗಾಗಿ ಉಮ್ಮರ್ ಯಾರಿಗೂ ಬೈಯಲಿಲ್ಲ. ಇಸುಬುವಿನ ಹೆಂಡತಿ ಶಹಲಾ ತವರಿಗೆ ಹೋದಳು, ಹೋಗುವಾಗ ಅವನ ಮುಖ ನೋಡಲಿಲ್ಲ.

ಝೈನಬ್ ನಲವತ್ತು ದಿನ ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅವನಿಗೆ ಗಂಜಿ ಬಡಿಸಿ, ಚಟ್ನಿ ಇಟ್ಟು, ಎದುರು ಕೂತು ಕೇಳಿದಳು.

"ಅವನ ಕೈ ಅಲ್ಲಾಡ್ತಿತ್ತಂತೆ. ಹೌದಾ?"

"ಹೌದು" ಎಂದ ಉಮ್ಮರ್.

ಅವಳು ಎದ್ದು ಹೋಗಿ ಪಾತ್ರೆ ತೊಳೆದಳು. ಅಂದಿನಿಂದ ಅನ್ನ ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಜ್ವರ ಬಂದರೆ ಮದ್ದು ಕೊಡುತ್ತಾಳೆ. ನಾಲಿಗೆಗೆ ಎಲುಬಿಲ್ಲ ಎಂದು ಮಾತ್ರ ಹೇಳುವುದಿಲ್ಲ. ಶೆಟ್ಟರ ಮನೆಯ ಮದುವೆ ತಿಂಗಳು ತಡವಾಗಿ ನಡೆಯಿತು. ಶ್ರವಣ್ ದುಬಾಯಿಗೆ ಹಿಂದಿರುಗಿದ. ಈಗ ಆ ಬಾವಿಗೆ ಸಿಮೆಂಟಿನ ಹಲಗೆ ಹಾಕಿದ್ದಾರಂತೆ.

ಉಮ್ಮರನನ್ನು ಆಮೇಲೆ ಯಾರೂ ಕರೆಯಲಿಲ್ಲ. ಈ ಏಪ್ರಿಲಿನಲ್ಲಿ ಒಂದು ಫೋನು ಬಂತು. ಶೋಧನ್, ಹಿಂದೆ ಅವನ ಕೈಕೆಳಗೆ ಹಗ್ಗ ಎಳೆದವನು, ಈಗ ತನ್ನದೇ ತಂಡ ಕಟ್ಟಿದ್ದಾನೆ. ಮೂಡುಬಿದಿರೆ ಹತ್ತಿರ ದೇವಿಪ್ರಸಾದ್ ಎಂಬ ಮಾಸ್ಟರ ಮನೆಯ ಬಾವಿಯಲ್ಲಿ ಕೆಲಸ, ಬಕೆಟು ಬಿದ್ದಿದೆ, ಪಾತಾಳಗರಡಿ ಒಂದು ದಿನಕ್ಕೆ ಬೇಕಿತ್ತು ಎಂದ. ಬಸ್ಸಿನಲ್ಲಿ ಕೊಟ್ಟು ಕಳಿಸಿದರೆ ಸಾಕಿತ್ತು. ಉಮ್ಮರ್ ಬಿ.ಸಿ.ರೋಡಿನಲ್ಲಿ ತಾನೇ ಬಸ್ಸು ಹತ್ತಿದ. ಚೀಲದಲ್ಲಿ ಗರಡಿ, ಅದರ ಜೊತೆ ಚಿಮಿಣಿ.

ಮೂವರು ತಲೆಗೆ ಟಾರ್ಚಿನ ಪಟ್ಟಿ ಕಟ್ಟಿ ನಿಂತಿದ್ದರು. ಉಮ್ಮರ್ ಗರಡಿ ಕೊಡದೆ ಚೀಲ ಅಪ್ಪಿಕೊಂಡು ನಿಂತ. "ದೀಪ ಇಳಿಸಿದಿರಾ?"

"ನಿನ್ನೆಯಿಂದ ನಾಲ್ಕು ಸಲ ಇಳಿದು ಹತ್ತಿದ್ದೇವೆ ಉಮ್ಮರಾಕ. ನಾವೇ ದೀಪ" ಎಂದ ಶೋಧನ್. ಉಳಿದವರು ನಕ್ಕರು.

"ನಿನ್ನೆಯ ಗಾಳಿ ನಿನ್ನೆಗೆ. ಇಳಿಸು."

ಶೋಧನ್ ಅವನ ಮುಖ ನೋಡಿ ನಗು ನಿಲ್ಲಿಸಿದ. "ಆಯ್ತು, ನಿಮ್ಮ ಸಮಾಧಾನಕ್ಕೆ ಇಳಿಸುವ" ಎಂದ. ಸಣ್ಣ ಮಗುವಿನ ಹಟಕ್ಕೆ ಒಪ್ಪುವ ದನಿ ಅದು.

ಉಮ್ಮರನೇ ಹಚ್ಚಿ ಇಳಿಸಿದ. ಕೋಲು ಕೋಲಾಗಿ ಹಗ್ಗ ಬಿಟ್ಟ. ತಳದಲ್ಲಿ ದೀಪ ನೆಟ್ಟಗೆ ಉರಿಯಿತು. ಒಂದಿಷ್ಟೂ ಅಲುಗದೆ, ದೇವರ ಮುಂದೆ ಇಟ್ಟ ಹಾಗೆ. ಕಟ್ಟೆಯ ಸುತ್ತ ನಾಲ್ಕು ತಲೆ ಬಗ್ಗಿ ನೋಡಿದವು.

"ಕಂಡಿತಲ್ಲ?" ಎಂದ ಶೋಧನ್, ಮೆಲ್ಲಗೇ.

ಈ ದೀಪ ಒಮ್ಮೆ ನಂದಬಾರದೇ ಎಂದು ಉಮ್ಮರನ ಮನಸ್ಸು ಒಂದು ಕ್ಷಣ ಬೇಡಿತು. ಇವರ ಕಣ್ಣೆದುರು ಒಮ್ಮೆ ನಂದಿದರೆ ಸಾಕು, ಸಾಯುವವರೆಗೂ ನೆನಪಿಡುತ್ತಾರೆ. ಒಳ್ಳೆಯ ಗಾಳಿಯ ಬಾವಿಗೆ ಕೇಡು ಬಯಸುವಲ್ಲಿಗೆ ಬಂದು ಮುಟ್ಟಿದೆನೇ ಎಂದುಕೊಂಡ. ದೀಪವನ್ನು ಮೇಲೆತ್ತಿ ಕಟ್ಟೆಯ ಮೇಲಿಟ್ಟ. ಆರಿಸಲಿಲ್ಲ.

"ನಾಳೆ ಇನ್ನೊಂದು ಬಾವಿ ಉಂಟಾ?" ಎಂದು ಕೇಳುತ್ತ ಗರಡಿಯನ್ನು ಶೋಧನ್ ಕೈಗೆ ಕೊಟ್ಟ.

"ಉಂಟು."

"ಅದಕ್ಕೂ ಇಳಿಸು."

"ಆಯ್ತು ಉಮ್ಮರಾಕ, ಆಯ್ತು. ನೀವು ಬಸ್ಸು ನೋಡಿ."

ನಾಳೆಯ ಬಾವಿಗೆ ಇರಲಿ ಎಂದು ಉಮ್ಮರ್ ದೀಪವನ್ನು ಕಟ್ಟೆಯ ಮೇಲೆ ಉರಿಯುತ್ತಲೇ ಬಿಟ್ಟು, ಹಿಂದೆ ತಿರುಗಿ ನೋಡದೆ ರಸ್ತೆಗೆ ಬಂದ. ಬಿ.ಸಿ.ರೋಡಿನ ಬಸ್ಸು ಬಂತು. ಕಿಟಕಿಯ ಪಕ್ಕ ಕೂತ. ಬಸ್ಸು ಹೊರಡಬೇಕು ಎನ್ನುವಾಗ ಶೋಧನ್ ಕೆಸರು ಕಾಲಿನಲ್ಲಿ ಓಡಿ ಬಂದ. ಒಳ್ಳೆಯ ಹುಡುಗ, ಯಾರ ವಸ್ತುವನ್ನೂ ಇಟ್ಟುಕೊಳ್ಳುವವನಲ್ಲ.

"ಉಮ್ಮರಾಕ, ದೀಪ ಮರೆತಿರಿ" ಎಂದು ಏದುಸಿರಿನಲ್ಲೇ ಕಿಟಕಿಯೊಳಗೆ ಕೈ ಹಾಕಿ, ಆರಿಸಿದ ಚಿಮಿಣಿಯನ್ನು ಅವನ ಮಡಿಲಿಗಿಟ್ಟ.

ಕಂಡಕ್ಟರ್ ವಿಸಿಲ್ ಊದಿದ. ಬಸ್ಸು ಜಗ್ಗಿದಾಗ ಚಿಮಿಣಿಯ ಎಣ್ಣೆ ಉಮ್ಮರನ ಲುಂಗಿಯ ಮೇಲೆ ಚೆಲ್ಲಿತು. ಪಕ್ಕದಲ್ಲಿ ಕೂತವನು ಮೂಗಿಗೆ ಕರವಸ್ತ್ರ ಹಿಡಿದು ಬೇರೆ ಸೀಟಿಗೆ ಹೋದ.