ಹತ್ತು ರೂಪಾಯಿಯ ಸುಳ್ಳು

ಟಂಟಂ ಆಟೋದ ಮೆಟ್ಟಿಲಿಗೆ ಕಾಲಿಟ್ಟ ಮೇಲೆ ದರ ಇಳಿಯುವುದಿಲ್ಲ. ನೆಲದ ಮೇಲೆ ನಿಂತೇ ಮಾತಾಡಿ ಮುಗಿಸಬೇಕು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸಂತೆಗಳಲ್ಲಿ ಇಪ್ಪತ್ತು ವರ್ಷ ಕುಪ್ಪಸದ ಖಣ ಮಾರಿ ಕಲಿತ ಪಾಠ ಇದು. ಊರಿನ ಹೆಂಗಸರಿಗೆಲ್ಲ ಕೇಳದಿದ್ದರೂ ಹೇಳಿಕೊಟ್ಟಿದ್ದೇನೆ.

ಸರ್ಕಾರಿ ಬಸ್ಸು ನಮ್ಮಂಥ ಹೆಂಗಸರಿಗೆ ಪುಕ್ಕಟೆ, ನಿಜ. ಆದರೆ ನಮ್ಮೂರಿಗೆ ಅದು ಬರುವುದು ಬೆಳಿಗ್ಗೆ ಒಂದೇ ಸಲ, ಶಾಲೆಯ ಮಕ್ಕಳು ಬಾಗಿಲಲ್ಲಿ ಜೋತುಬಿದ್ದಿರುವಾಗ. ಖಣದ ಗಂಟಿಗೆ ಅದರಲ್ಲಿ ಜಾಗವಿಲ್ಲ. ಹಾಗಾಗಿ ಹಾನಗಲ್ಲಿಗೆ ಟಂಟಂ ಹತ್ತಲೇಬೇಕು.

ಮೊದಲು ಊರಲ್ಲಿ ಎರಡು ಟಂಟಂ ಇದ್ದವು. ಒಂದು ನಾವೆಲ್ಲ ಕಾಕಾ ಎನ್ನುತ್ತಿದ್ದ ಮುದುಕನದು, ಇನ್ನೊಂದು ಮೀಸೆಯವನದು. ಇಬ್ಬರದೂ ಇಪ್ಪತ್ತು ರೂಪಾಯಿ. ನಾನು ಇಬ್ಬರ ನಡುವೆ ಗಂಟು ಇಟ್ಟುಕೊಂಡು ನಿಲ್ಲುತ್ತಿದ್ದೆ. ಮೀಸೆಯವನನ್ನು ಹದಿನೈದಕ್ಕೆ ಇಳಿಸಿ, ಕಾಕಾನ ಹತ್ತಿರ ಹೋಗಿ ಹೇಳುತ್ತಿದ್ದೆ:

"ಅವ ಹತ್ತಕ್ಕ ಬಾ ಅನ್ನಾಕತ್ತಾನ್ರಿ ಕಾಕಾ. ನೀವ್ ನೋಡ್ರಿ ಮತ್ತ."

ಕಾಕಾ ಪಾಪ, ಹೋಗಿ ವಿಚಾರಿಸುವವನಲ್ಲ. "ಹತ್ತು ಕೊಡು ತಂಗಿ, ಕುಂದ್ರು" ಎನ್ನುತ್ತಿದ್ದ. ನನ್ನ ಹಿಂದೆ ಉಳಿದವರೂ ಹತ್ತು ಕೊಟ್ಟೇ ಹತ್ತುತ್ತಿದ್ದರು. ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಕಾಕಾ ಗಾಡಿ ಮಾರಿದ.

ಈಗ ಮೀಸೆಯವನೊಬ್ಬನೇ. ನಲವತ್ತು ರೂಪಾಯಿ, ಗಂಟಿಗೆ ಬೇರೆ ಹತ್ತು.

ಹೋದ ತಿಂಗಳು ಹೆಂಗಸರೆಲ್ಲ ಸೇರಿ ನನ್ನನ್ನು ಮುಂದೆ ಮಾಡಿದರು. "ನೀ ಕೇಳಿದ್ರ ಇಳಿಸ್ತಾನ ನೋಡಕ್ಕ" ಎಂದರು. ನಾನೂ ಸೆರಗು ಸಿಕ್ಕಿಸಿಕೊಂಡು ನಿಂತೆ.

"ಹಾಡೇ ಹಗಲ ಲೂಟಿ ಮಾಡಾಕತ್ತಿಯೇನೋ? ಮೊದ್ಲ ಹತ್ತಕ್ಕ ಹೋಗ್ತಿದ್ವಿ!"

"ಹತ್ತಕ್ಕ ಕಾಕಾ ಒಯ್ತಿದ್ದಬೇ! ಹದಿನೈದಕ್ಕಿಂತ ಕಡಿಮಿ ನಾ ಎಂದೂ ಇಳದಿಲ್ಲ" ಎಂದ ಮೀಸೆಯವ.

ಟಂಟಂ ಒಳಗಿನ ಮೂಲೆಯಿಂದ ಒಂದು ದನಿ ಬಂತು. ಕಾಕಾ ಅಲ್ಲಿ ಕುಳಿತಿದ್ದನ್ನು ನಾನು ನೋಡಿರಲಿಲ್ಲ. ಈಗ ಹಾನಗಲ್ಲಿನ ಅಂಗಡಿಯೊಂದರಲ್ಲಿ ಕಾವಲಿಗಿದ್ದಾನಂತೆ; ದಿನಾ ನಲವತ್ತು ಕೊಟ್ಟು ಹೋಗುತ್ತಾನೆ.

"ಅಲ್ಲೋ, ನೀ ಹತ್ತಕ್ಕ ಒಯ್ತಿ ಅಂತ ತಂಗಿ ಹೇಳ್ತಿದ್ಲಲ್ಲೋ. ಅದಕ್ಕ ನಾನೂ ಇಳದೆ."

ಮೀಸೆಯವ ನನ್ನ ಮುಖ ನೋಡಿದ. ಹೆಂಗಸರೂ ನೋಡಿದರು. ನಾನು ಬಗ್ಗಿ, ಬಿಚ್ಚದ ಗಂಟನ್ನೇ ಮತ್ತೆ ಬಿಗಿಯತೊಡಗಿದೆ.

ಕಾಕಾನಿಗೆ ನನ್ನ ಸುಳ್ಳು ತಿಳಿಯಿತೆಂದು ಅವನ ಮುಖವೇ ಹೇಳಿತು. ಆದರೂ "ಬಿಸಲಾಗ ಯಾಕ ನಿಂತಿ? ಗಂಟು ಇಲ್ಲೆ ಕೊಡು" ಎಂದು ಕೈ ಚಾಚಿ, ಅದನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ದರ ಮುಗಿಸದೆಯೇ ಹತ್ತಿದೆ. ಹಾನಗಲ್ ಬರುವವರೆಗೂ ಗಂಟು ಅವನ ತೊಡೆಯ ಮೇಲೇ ಇತ್ತು. ಕೊಡ್ರಿ ಕಾಕಾ ಎಂದು ಕೇಳಲೂ ನನಗೆ ಮುಖವಿರಲಿಲ್ಲ.