ನಡುವಿನ ಕಳ್ಳನ ಲಾಟೀನು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಮೂವತ್ತು ವರ್ಷ ವಿಜ್ಞಾನ ಕಲಿಸುವಾಗ ಅದು ಮಕ್ಕಳ ಮೇಲೆ ಖರ್ಚಾಗುತ್ತಿತ್ತು. ನಿವೃತ್ತಳಾದ ಮೇಲೆ ಚಿತ್ರಗಳ ಮೇಲೆ ತಿರುಗಿತು.

ಶಿರಸಿಯಲ್ಲಿ ನಾವು ಮೂವರು ನಿವೃತ್ತ ಶಿಕ್ಷಕರು ಸೇರಿ ಮಕ್ಕಳಿಗಾಗಿ ಒಂದು ವೆಬ್‌ಸೈಟು ನಡೆಸುತ್ತೇವೆ. ನಕ್ಷತ್ರಪುಂಜಗಳ ಲೇಖನ ನನ್ನ ಪಾಲಿನದು. ಮೊದಮೊದಲು ಚಿತ್ರ ಬೇಕಾದಾಗ, ಬೇಲಿಯಾಚೆಯ ದಾಸವಾಳ ಕೊಯ್ದ ಹಾಗೆ, ಗೂಗಲ್ಲಿನಿಂದ ಎತ್ತಿ ಹಾಕುತ್ತಿದ್ದೆವು. ಒಂದು ದಿನ ವೃಶ್ಚಿಕದ ಫೋಟೊ ತನ್ನದು ಅಂತ ಯಾರೋ ಬರೆದರು. ಲೇಖನವನ್ನೇ ತೆಗೆದು ಕ್ಷಮೆ ಕೇಳಬೇಕಾಯಿತು. ಕೇಳಿದವಳು ನಾನು, ಹಾಗಾಗಿ ಅದು ಇನ್ನೂ ಚುಚ್ಚುತ್ತದೆ.

ಆಮೇಲೆ ಹಕ್ಕುಸ್ವಾಮ್ಯದ ಕಾವಲು ನಾನೇ ವಹಿಸಿಕೊಂಡೆ. ಒಂದು ಫಾರ್ಮ್ ಮಾಡಿದೆ: ಈ ಚಿತ್ರ ನನ್ನ ಸ್ವಂತದ್ದು, ಎಲ್ಲಿಂದಲೂ ನಕಲು ಮಾಡಿದ್ದಲ್ಲ, ನನ್ನ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು. ಕೆಳಗೆ ಸಹಿ. ಸಹಿ ಇಲ್ಲದ ಚಿತ್ರವನ್ನು ಎಂಥವರೇ ಕೊಟ್ಟರೂ ವಾಪಸು ಮಾಡುತ್ತಿದ್ದೆ. ವಾಪಸು ಮಾಡುವಾಗ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಸಪ್ತರ್ಷಿ ಮಂಡಲದ ಲೇಖನಕ್ಕೆ ಸಿಕ್ಕಿದ್ದು ಹಕ್ಕಿನ ಅವಧಿ ಮುಗಿದ ಒಂದು ಹಳೆಯ ವಿದೇಶಿ ನಕ್ಷೆ. ಅದರಲ್ಲಿ ಉದ್ದ ಬಾಲದ ಕರಡಿ. ಅಂಥ ಬಾಲದ ಕರಡಿಯನ್ನು ನಮ್ಮ ಮಕ್ಕಳು ಕಾಡಿನಲ್ಲೂ ಕಂಡಿಲ್ಲ, ಕನಸಿನಲ್ಲೂ ಕಂಡಿಲ್ಲ. ಆಗ ಸಿದ್ದಾಪುರದ ಕಡೆಯ ಒಂದು ಶಾಲೆಯ ಬಿಸಿಯೂಟದ ಅಡುಗೆಯವಳು ನೆನಪಾದಳು. ನಾನು ಕೊನೆಗೆ ಕೆಲಸ ಮಾಡಿದ್ದು ಅಲ್ಲೇ. ಅಡುಗೆಕೋಣೆಯ ಹೊರಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ, ಕೂದಲೆಳೆಯಂಥ ಗೆರೆಗಳಲ್ಲಿ ಭತ್ತದ ತೆನೆ, ಮದುಮಕ್ಕಳನ್ನು ಹೊರುವ ದಂಡಿಗೆ ಎಲ್ಲ ಬರೆದಿದ್ದಳು. ಆ ಏಳು ಚುಕ್ಕಿಗಳ ಕತೆಯನ್ನು ಮಕ್ಕಳಿಗೆ ಹೇಳುತ್ತಿದ್ದವಳೂ ಅವಳೇ: ನಾಲ್ಕು ಚುಕ್ಕಿ ಮುದುಕಿಯ ಮಂಚದ ಕಾಲು, ಹಿಂದಿನ ಮೂರು ಮಂಚ ಎಳೆದುಕೊಂಡು ಹೋಗುವ ಕಳ್ಳರು.

ಬಸ್ಸು ಹತ್ತಿ ಹೋಗಿ, ಆ ಕತೆಯನ್ನು ಹಾಳೆಯ ಮೇಲೆ ಬರೆದುಕೊಡು ಅಂತ ಕೇಳಿದೆ. ಹೆಸರು ಹಾಕುತ್ತೀರಾ ಅಂತ ಅವಳು ಎರಡು ಸಲ ಕೇಳಿದಳು. ಹಾಕುತ್ತೇವೆ ಅಂದೆ. ಅವಳ ಹೆಸರು ಅದುವರೆಗೆ ಇದ್ದದ್ದು ರೇಷನ್ ಕಾರ್ಡಿನಲ್ಲಿ, ಹಾಜರಿ ಪುಸ್ತಕದಲ್ಲಿ. ಹದಿನೈದು ದಿನ ಬಿಟ್ಟು ಹೋಗುವಷ್ಟರಲ್ಲಿ ಆ ಸುದ್ದಿ ಊರೆಲ್ಲ ಹರಡಿತ್ತು. ಜೊತೆಯ ಅಡುಗೆಯವಳು, ಇನ್ನು ಇವಳು ಸೌಟು ಮುಟ್ಟುವುದಿಲ್ಲ ನೋಡಿ ಅಂತ ನನ್ನೆದುರೇ ಛೇಡಿಸಿದಳು.

ಚಿತ್ರ ಚೆನ್ನಾಗಿತ್ತು. ಚೆನ್ನಾಗಿತ್ತು ಅಂದರೆ ಸಾಲದು. ಕೆಂಪು ಹಾಳೆಯ ಮೇಲೆ ಓರೆಯಾದ ಮಂಚ, ಬಗ್ಗಿ ಎಳೆಯುವ ಮೂವರು, ನಡುವಿನವನ ಕೈಯಲ್ಲಿ ಒಂದು ಪುಟ್ಟ ಲಾಟೀನು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಫಾರ್ಮ್ ಮುಂದಿಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಪೆನ್ನನ್ನು ಕೆಳಗಿಟ್ಟಳು.

"ಇದು ನಂದಲ್ಲ ಅಕ್ಕೋರೆ. ನಮ್ಮಜ್ಜಿ ಗ್ವಾಡೆ ಮೇಲೆ ಬರೀತಿತ್ತು. ಅಜ್ಜಿಗೆ ಅದ್ರ ಅವ್ವ ಕಲ್ಸಿದ್ದು. ಸ್ವಂತದ್ದು ಅಂತ ಹೆಂಗೆ ಬರ್ದು ಕೊಡ್ಲಿ?"

ಸುಮ್ಮನೆ ಸಹಿ ಹಾಕು ಅಂದೆ. ಹಾಕಲಿಲ್ಲ. ಬಿಸಿಲು, ಬಸ್ಸಿನ ಹೊತ್ತು, ನನ್ನ ಮೂಗಿನ ತುದಿ. ಊಟಕ್ಕೆ ತಟ್ಟೆ ಹಿಡಿದು ನಿಂತ ಮಕ್ಕಳ ಎದುರಿಗೇ ಹೇಳಿದೆ: "ನಿನ್ನದಲ್ಲ ಅಂದಮೇಲೆ ಕದ್ದಿದ್ದು ಅಂತಾಯ್ತು. ಕದ್ದ ಚಿತ್ರ ನಾವು ಹಾಕೂದಿಲ್ಲ." ಒಂದು ಹುಡುಗಿ ಕಿಸಕ್ಕನೆ ನಕ್ಕಳು. ಅಡುಗೆಯವಳು ಚಿತ್ರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿ ಡಬ್ಬದ ಅಡಿಗೆ ತಳ್ಳಿ, ಅನ್ನ ಬಡಿಸಲು ಹೋದಳು.

ಯಲ್ಲಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫ್ಲೆಕ್ಸ್ ಬೋರ್ಡಿನ ಅಂಗಡಿ ಇಟ್ಟಿದ್ದಾನೆ, ಈಗ ಅವನ ತಲೆಯೂ ನರೆತಿದೆ. ನನ್ನ ಮೊಬೈಲಿನ ಫೋಟೊ ಅವನಿಗೆ ಕಳಿಸಿ, ಇದೇ ಕತೆಗೆ ನಿನ್ನದೇ ಆದ ಒಂದು ಚಿತ್ರ ಮಾಡಿಕೊಡು ಅಂದೆ. ಮೂರನೇ ದಿನ ಚಿತ್ರ ಬಂತು, ಜೊತೆಗೆ ಸಹಿ ಮಾಡಿದ ಫಾರ್ಮ್. ಕೆಂಪಿದ್ದಲ್ಲಿ ಕಡುನೀಲಿ, ಮಂಚಕ್ಕೆ ಹಳದಿ. ಫೋನು ಮಾಡಿದರೆ, ನಾನು ಏನೂ ಕೇಳುವ ಮುಂಚೆಯೇ, ಪೂರ್ತಿ ಸ್ವಂತದ್ದು ಅಕ್ಕೋರೆ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ತರಗತಿಯಲ್ಲಿ ಎಷ್ಟು ಕಂಡಿಲ್ಲ ನಾನು. ಬಗ್ಗಿದ ಬೆನ್ನುಗಳು ಅವೇ, ಲಾಟೀನೂ ಅದೇ ಅಂತ ಕಣ್ಣಿಗೆ ಕಂಡಿತ್ತು. ಆದರೆ ಸಹಿ ಇತ್ತು, ನನಗೆ ಬೇಕಾದದ್ದು ಅದು. ಮಟಮಟ ಮಧ್ಯಾಹ್ನ ಮದುವೆಯ ಅಂಗಳದಲ್ಲಿ ನಿಂತು, ಭಟ್ಟರು ಕೇಳಿದಾಗ, ಅರುಂಧತಿ ಕಂಡಿತು ಅಂದವಳು ನಾನು. ಒಪ್ಪಿಕೊಂಡೆ. ಚೆನ್ನಾಗಿದೆ ಅಂತ ಹೊಗಳಿದೆ ಕೂಡ.

ಲೇಖನ ಊರೂರಿಗೆ ಹೋಯಿತು. ಯಾರು ಬೇಕಾದರೂ ಬಳಸಬಹುದಾದ ಚಿತ್ರವಲ್ಲವೇ, ಆ ಶಾಲೆಯವರೂ ಬಳಸಿದರು. ಹೊಸ ಬಣ್ಣ ಹೊಡೆಸುವಾಗ ಅಡುಗೆಕೋಣೆಯ ಕೆಮ್ಮಣ್ಣಿನ ಗೋಡೆ ಕೆರೆಸಿ ಸುಣ್ಣ ಬಳಿಸಿ, ಅದರ ಮೇಲೆ ಆ ಚಿತ್ರವನ್ನೇ ದೊಡ್ಡ ಫ್ಲೆಕ್ಸ್ ಮಾಡಿಸಿ ಬಡಿದರು. ಕೆಳಗೆ ಯಲ್ಲಾಪುರದವನ ಹೆಸರು, ಗೇಣುದ್ದ ಅಕ್ಷರಗಳಲ್ಲಿ. ಪರದೆ ಸರಿಸಲು ನನ್ನನ್ನು ಕರೆದರು. ಹೋದೆ, ಸರಿಸಿದೆ, ಹಕ್ಕುಸ್ವಾಮ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆ.

ಆ ದಿನ ಮಕ್ಕಳಿಗೆ ಪಾಯಸ. ಬಡಿಸುವವಳು ಅವಳೇ. ಸಾಲು ಮುಗಿದ ಮೇಲೆ ಖಾಲಿ ಸೌಟು ಹಿಡಿದು ಫ್ಲೆಕ್ಸಿನ ಮುಂದೆ ನಿಂತಿದ್ದಳು. ನಾನು ಹತ್ತಿರ ಹೋದೆ. ನಾಚಿಕೆಯಾಗಿತ್ತು. ಆದರೂ ಬಾಯಿಗೆ ಬಂದದ್ದು ಹಳೇ ಮಾತೇ: ಇದು ತನ್ನದು ಅಂತ ಅವಳು ಈಗಲಾದರೂ ಬರೆದುಕೊಟ್ಟರೆ ಇದನ್ನು ತೆಗೆಸುತ್ತೇನೆ ಅಂದೆ.

ಅವಳು ನನ್ನತ್ತ ತಿರುಗಲಿಲ್ಲ.

"ಮಂಚ ಅಜ್ಜೀದು. ಕಳ್ರೂ ಅಜ್ಜೀದು. ಆ ಲಾಟೀನು ಮಾತ್ರ ನಂದು. ನಡುವಿನವನ ಪಕ್ಕ ಒಂದು ಸಣ್ಣ ಚುಕ್ಕಿ ಅದ್ಯಲ್ಲ, ಅಜ್ಜಿ ಅದ್ನ ಸುಮ್ನೆ ಬಿಡ್ತಿತ್ತು. ಕತ್ಲೇಲಿ ಅವ್ರಿಗೂ ದಾರಿ ಕಾಣ್ಬೇಕಲ್ಲ ಅಂತ ನಾನು ಇಟ್ಟೆ. ಅಷ್ಟು ನಂದು ಅಂತ ಅವತ್ತೇ ಬರ್ದು ಕೊಡ್ತಿದ್ದೆ ಅಕ್ಕೋರೆ. ನಿಮ್ಮ ಕಾಗದದಲ್ಲಿ ಅದಕ್ಕೆ ಜಾಗ ಇರ್ಲಿಲ್ಲ, ನೀವೂ ಕೇಳ್ಲಿಲ್ಲ."

ಅಷ್ಟು ಹೇಳಿ, ಪಾಯಸ ಬಡಿಸಲಾ ಅಂತ ಕೇಳಿದಳು. ಬೇಡ ಅನ್ನಲಾಗಲಿಲ್ಲ. ಬೆಂಚಿನ ಮೇಲೆ ಕೂತು, ಅವಳ ಎದುರಿಗೇ, ಪೂರ್ತಿ ತಿಂದೆ.

ಚಿತ್ರ ತೆಗೆಯಬೇಕಾದರೆ ಯಾಕೆ ಅಂತ ವೆಬ್‌ಸೈಟಿನ ಉಳಿದಿಬ್ಬರಿಗೆ ನಾನು ಬರೆದುಕೊಡಬೇಕು, ಅವಳ ಚಿತ್ರ ನನ್ನ ಮೊಬೈಲಿನಿಂದಲೇ ಅವನಿಗೆ ಹೋದದ್ದನ್ನೂ ಸೇರಿಸಿ. ಅಂದಿನಿಂದ ಎರಡು ಮಳೆಗಾಲ ಕಳೆಯಿತು. ಲೇಖನ ಈಗಲೂ ಹಾಗೇ ಇದೆ, ಕೆಳಗೆ ಅವನ ಹೆಸರೇ ಇದೆ.